ಬಣ್ಣ ಕಾಣದ ಕಣ್ಣಿಗೆ ಕಂಡ ಪ್ಯಾರಿಸ್: ಶಾರ್ಲ್ ಮೆರಿಯೋನ್ ಎಂಬ ಕಲಾವಿದನ ಬದುಕು

ಹಳೆಯ ಕಟ್ಟಡದ ಚಿತ್ರವೊಂದನ್ನು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿರುವುದನ್ನು ನೀವು ನೋಡಿರುತ್ತೀರಿ. ಚಿತ್ರದ ಕೆಳಗೆ, ಎಡಮೂಲೆಯಲ್ಲಿ, ಪೆನ್ಸಿಲಿನಲ್ಲಿ ಬರೆದ ಒಂದು ಸಣ್ಣ ಅಂಕಿ ಇರುತ್ತದೆ: 17/100. ಅಂದ್ರೆ ಒಟ್ಟು ನೂರು ಪ್ರತಿ ಮಾತ್ರ ಅಚ್ಚಾಗಿವೆ, ಇದು ಹದಿನೇಳನೆಯದು ಅಂತ. ಲಿಮಿಟೆಡ್ ಎಡಿಷನ್. ಬಲಮೂಲೆಯಲ್ಲಿ ಕಲಾವಿದರ ಸಹಿ. ಕೊಳ್ಳುವವರು ಮೊದಲು ಅಂಕಿ ನೋಡುತ್ತಾರೆ, ಆಮೇಲೆ ಸಹಿ, ಆಮೇಲೆ ಬೆಲೆ. ಚಿತ್ರದಲ್ಲಿರುವ ಕಟ್ಟಡ ಈಗಲೂ ನಿಂತಿದೆಯಾ ಅಂತ ಕೇಳುವವರು ಕಡಿಮೆ.

ಈ ಪ್ರಶ್ನೆ ಕೇಳಬೇಕು ಅನ್ನಿಸಿದಾಗಲೆಲ್ಲ ನನಗೆ ನೆನಪಾಗುವುದು ಶಾರ್ಲ್ ಮೆರಿಯೋನ್. ಇವತ್ತು ದೊಡ್ಡ ದೊಡ್ಡ ಮ್ಯೂಸಿಯಂಗಳು ಜೋಪಾನವಾಗಿ ಇಟ್ಟುಕೊಂಡಿರುವ ಪ್ಯಾರಿಸ್ ನಗರದ ಅಚ್ಚುಚಿತ್ರಗಳನ್ನು ಮಾಡಿದವನು ಈತ. ಬದುಕಿದ್ದಾಗ ಅವನ್ನು ಒಂದೆರಡು ಫ್ರಾಂಕಿಗೆ ಮಾರಿದ. ಹುಚ್ಚಾಸ್ಪತ್ರೆಯಲ್ಲಿ ಸತ್ತ. ಅವನ ಚಿತ್ರಗಳು ವಿರಳವಾದದ್ದು ಮಾರಾಟದ ಜಾಣತನದಿಂದಲ್ಲ. ಕೊಳ್ಳುವವರು ಇರಲಿಲ್ಲ, ಜೊತೆಗೆ ಅಚ್ಚಿನ ತಗಡುಗಳಲ್ಲಿ ಕೆಲವನ್ನು ಅವನೇ ಹಾಳು ಮಾಡಿದ. ಅಷ್ಟೇ ಕಾರಣ.

ಹಡಗಿನಿಂದ ಇಳಿದವನು

ಮೆರಿಯೋನ್ ಹುಟ್ಟಿದ್ದು 1821ರ ನವೆಂಬರ್ 23ರಂದು, ಪ್ಯಾರಿಸ್ಸಿನಲ್ಲಿ. ತಾಯಿ ಪ್ಯಾರಿಸ್ ಒಪೆರಾದಲ್ಲಿ ನರ್ತಕಿ. ತಂದೆ ಚಾರ್ಲ್ಸ್ ಲೂಯಿಸ್ ಮೆರಿಯನ್ ಎಂಬ ಇಂಗ್ಲಿಷ್ ವೈದ್ಯ. ಇಬ್ಬರಿಗೂ ಮದುವೆ ಆಗಿರಲಿಲ್ಲ. ತಂದೆಯ ಸಂಸಾರ ಇಂಗ್ಲೆಂಡಿನಲ್ಲಿ, ಮಗ ಬೆಳೆದದ್ದು ತಾಯಿಯ ಹತ್ತಿರ. ಹೆಸರು ಒಂದು ದೇಶದ್ದು, ಬದುಕು ಇನ್ನೊಂದು ದೇಶದ್ದು. ಆ ಕಾಲದಲ್ಲಿ ಇಂಥ ಹುಟ್ಟು ಒಂದು ಕಳಂಕ. ಅದರ ಭಾರ ಅವನನ್ನು ಕೊನೆತನಕ ಬಿಡಲಿಲ್ಲ.

ಹದಿನಾರರ ಹರೆಯದಲ್ಲಿ, 1837ರಲ್ಲಿ, ಬ್ರೆಸ್ಟ್ ಬಂದರಿನ ನೌಕಾ ಶಾಲೆಗೆ ಸೇರಿದ. 1842ರಿಂದ 1846ರವರೆಗೆ 'ಲ ರಾಂ' ಎಂಬ ಯುದ್ಧನೌಕೆಯಲ್ಲಿ ಅಧಿಕಾರಿಯಾಗಿ ಪೆಸಿಫಿಕ್ ಸಾಗರ ಸುತ್ತಿದ. ನ್ಯೂಜಿಲೆಂಡಿನ ಅಕರೋವಾದಲ್ಲಿ ಆಗ ಫ್ರೆಂಚರ ಒಂದು ಸಣ್ಣ ವಸಾಹತು ಇತ್ತು. ಅಲ್ಲಿ ಬಹಳ ಕಾಲ ತಂಗಿದ್ದ. ಬಿಡುವಿದ್ದಾಗ ಪೆನ್ಸಿಲ್ ಹಿಡಿದು ದೋಣಿ, ಗುಡಿಸಲು, ಕರಾವಳಿ, ಮಾವೊರಿ ಜನರ ಮುಖಗಳನ್ನು ಬರೆದುಕೊಳ್ಳುತ್ತಿದ್ದ. ಊರಿಗೆ ಮರಳುವ ಹೊತ್ತಿಗೆ ನೌಕರಿ ಬೇಡ, ಚಿತ್ರಕಲೆಯೇ ಸಾಕು ಅಂತ ತೀರ್ಮಾನಿಸಿಯಾಗಿತ್ತು.

ತೈಲವರ್ಣದ ದೊಡ್ಡ ಚಿತ್ರಕಾರನಾಗಬೇಕು ಅನ್ನೋದು ಅವನ ಆಸೆ. ಪೆಸಿಫಿಕ್ಕಿನಲ್ಲಿ ಕೊಲೆಯಾದ ಫ್ರೆಂಚ್ ನಾವಿಕ ಮಾರಿಯೋನ್ ದ್ಯುಫ್ರೇನನ ಕಥೆಯನ್ನು ಆಯ್ದುಕೊಂಡು ದೊಡ್ಡದೊಂದು ಚಿತ್ರ ಮಾಡಿ 1848ರ ಸಲೋನ್ ಪ್ರದರ್ಶನಕ್ಕೂ ಇಟ್ಟ. ಆದರೆ ಒಂದು ಕೊರತೆ ಇತ್ತು. ಅವನಿಗೆ ಬಣ್ಣಗುರುಡು. ಬಣ್ಣದ ಮೇಲೇ ನಿಂತಿರುವ ಕಲೆಯನ್ನು ಕಟ್ಟಿಕೊಂಡು ತಾನು ಎಲ್ಲಿಗೂ ತಲುಪಲಾರೆ ಅನ್ನೋದು ಅವನಿಗೆ ಅರ್ಥವಾಯಿತು.

ಉಳಿದದ್ದು ಕಪ್ಪು, ಬಿಳಿ ಮತ್ತು ಇವೆರಡರ ನಡುವಿನ ನೆರಳು. ಹಾಗಾಗಿ ಎಚಿಂಗ್ ಕಲೆಗೆ ಬಂದ.

ಸೂಜಿ, ಆಮ್ಲ, ತಾಮ್ರ

ಎಚಿಂಗ್ ಅಂದ್ರೆ ಏನು ಅಂತ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಈ ಕಥೆಯಲ್ಲಿ ಬರುವ ಪ್ರತಿಗಳ ಲೆಕ್ಕ ಅರ್ಥವಾಗಲ್ಲ. ನಯಗೊಳಿಸಿದ ತಾಮ್ರದ ತಗಡಿಗೆ ಮೇಣದ ತೆಳು ಲೇಪ ಹಚ್ಚುತ್ತಾರೆ. ಆ ಲೇಪದ ಮೇಲೆ ಸೂಜಿಯಿಂದ ಚಿತ್ರ ಬರೆಯುತ್ತಾರೆ. ಗೀರಿದ ಕಡೆ ತಾಮ್ರ ಹೊರಗೆ ಕಾಣುತ್ತದೆ. ತಗಡನ್ನು ಆಮ್ಲದಲ್ಲಿಟ್ಟಾಗ ಆಮ್ಲವು ಆ ಗೀರುಗಳನ್ನಷ್ಟೇ ತಿನ್ನುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಗೆರೆ ಆಳವಾಗುತ್ತೆ, ಅಚ್ಚಿನಲ್ಲಿ ಹೆಚ್ಚು ಕಪ್ಪಾಗಿ ಬರುತ್ತೆ. ಆಮೇಲೆ ಲೇಪ ತೆಗೆದು, ಗೆರೆಗಳೊಳಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಇಟ್ಟು ಪ್ರೆಸ್ಸಿನ ಉರುಳೆಯ ಕೆಳಗೆ ತಳ್ಳಬೇಕು. ಚಿತ್ರ ಕನ್ನಡಿಯೊಳಗಿನಂತೆ ಎಡಬಲ ತಿರುಗಿ ಮೂಡುತ್ತದೆ. ಹಾಗಾಗಿ ತಗಡಿನ ಮೇಲೆ ಬರೆಯುವಾಗಲೇ ಎಲ್ಲವನ್ನೂ ಉಲ್ಟಾ ಬರೆಯಬೇಕು.

ತಾಮ್ರ ಮೆದುವಾದ ಲೋಹ. ಪ್ರತಿ ಸಲ ಒತ್ತಿದಾಗಲೂ, ಒರೆಸಿದಾಗಲೂ ಗೆರೆ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಮೊದಲ ಪ್ರತಿಗಳ ಗಾಢ ಕಪ್ಪು ಕೊನೆಯ ಪ್ರತಿಗಳಲ್ಲಿ ಇರಲ್ಲ. ಅಂದರೆ ಮಿತಿ ಅನ್ನೋದು ಮೊದಲಿಗೆ ಅಂಗಡಿಯವರ ಕಟ್ಟುಪಾಡಲ್ಲ, ಲೋಹದ ಗುಣ. ಇಷ್ಟೇ ಪ್ರತಿ ಅಂತ ಮೊದಲೇ ಸಾರಿ, ಅಂಕಿ ಹಾಕಿ, ತಗಡಿಗೆ ಅಡ್ಡಗೆರೆ ಎಳೆದು ಕೆಡಿಸುವ ಪದ್ಧತಿ ಚೆನ್ನಾಗಿ ಬೇರೂರಿದ್ದು ಆಮೇಲೆ, 19ನೇ ಶತಮಾನದ ಕೊನೆಯ ಭಾಗದಲ್ಲಿ.

ಯುಜೆನ್ ಬ್ಲೆರಿ ಎಂಬ ಎಚಿಂಗ್ ಕಲಾವಿದನ ಬಳಿ ಮೆರಿಯೋನ್ ಕೆಲವು ತಿಂಗಳು ಕೆಲಸ ಕಲಿತ. 17ನೇ ಶತಮಾನದ ಡಚ್ ಕಲಾವಿದ ರೆನಿಯರ್ ನೋಮ್ಸ್‌ನ ಚಿತ್ರಗಳನ್ನು ನಕಲು ಮಾಡುತ್ತಾ ಕೈ ಪಳಗಿಸಿಕೊಂಡ. ನೋಮ್ಸ್ ಕೂಡ ಹಡಗಿನ ಮನುಷ್ಯ, ಝೀಮನ್ ಅಂದ್ರೆ ಸಮುದ್ರದವ ಅನ್ನೋದೇ ಅವನ ಅಡ್ಡಹೆಸರು. ಅವನೂ ಪ್ಯಾರಿಸ್ಸಿನ ನೋಟಗಳನ್ನು ಮಾಡಿದ್ದ. ಇನ್ನೂರು ವರ್ಷ ಹಿಂದಿನ ಈ ನಾವಿಕನನ್ನೇ ಮೆರಿಯೋನ್ ಗುರು ಅಂದುಕೊಂಡ. ತನ್ನ ಪ್ಯಾರಿಸ್ ಸರಣಿಯನ್ನು ಅವನಿಗೇ ಅರ್ಪಿಸಿದ.

ಕೆಡವುವವರಿಗಿಂತ ಒಂದು ಹೆಜ್ಜೆ ಮುಂದೆ

1850ರಿಂದ 1854ರ ನಡುವೆ ಮೆರಿಯೋನ್ ಮಾಡಿದ ಸರಣಿಯ ಹೆಸರು 'ಓ ಫೋರ್ತ್ ಸುರ್ ಪಾರಿ', ಅಂದರೆ ಪ್ಯಾರಿಸ್ ಕುರಿತ ಎಚಿಂಗ್‌ಗಳು. ಒಟ್ಟು 22 ತಗಡು. ಅದರಲ್ಲಿ 12 ನಗರದ ದೊಡ್ಡ ನೋಟಗಳು. ಉಳಿದವು ಮುಖಪುಟ, ಸಣ್ಣ ಚಿತ್ರಗಳು, ಅವನೇ ಕಟ್ಟಿ ತಗಡಿನ ಮೇಲೆ ಕೊರೆದ ಪದ್ಯಗಳು.

ಆ ವರ್ಷಗಳನ್ನು ಸ್ವಲ್ಪ ಗಮನಿಸಿ. 1853ರಲ್ಲಿ ಮೂರನೇ ನೆಪೋಲಿಯನ್ ಚಕ್ರವರ್ತಿ ಜಾರ್ಜ್ ಓಸ್ಮಾನ್ ಎಂಬ ಅಧಿಕಾರಿಯನ್ನು ಪ್ಯಾರಿಸ್ ಜಿಲ್ಲೆಯ ಪ್ರಿಫೆಕ್ಟ್ ಆಗಿ ನೇಮಿಸಿದ. ಇವತ್ತು ಪ್ರವಾಸಿಗರು ಮೆಚ್ಚುವ ಅಗಲವಾದ ಬುಲೆವಾರ್ಡ್‌ಗಳು, ಒಂದೇ ಎತ್ತರದ ಕಲ್ಲಿನ ಮಹಡಿಗಳು, ಒಳಚರಂಡಿ ಜಾಲ, ಉದ್ಯಾನಗಳು ಬಹುಪಾಲು ಅವನ ಕಾಲದ್ದು. ಅವುಗಳಿಗೆ ಜಾಗ ಮಾಡಲು ಮಧ್ಯಯುಗದ ಗಲ್ಲಿಗಳನ್ನು ಸಾಲು ಸಾಲಾಗಿ ಕೆಡವಲಾಯಿತು. ನೋತ್ರ್ ದಾಮ್ ಇಗರ್ಜಿ ಇರುವ ಸೇನ್ ನದಿಯ ದ್ವೀಪದಲ್ಲಿ ಬಡವರ ಮನೆಗಳು ಹೋಗಿ ಸರ್ಕಾರಿ ಕಟ್ಟಡಗಳು ಬಂದವು. ಬಾಡಿಗೆ ಕಟ್ಟಲಾಗದವರು ಊರಾಚೆ ಸೇರಿಕೊಂಡರು.

ಹಾಗಂತ ಹಳೆಯ ಪ್ಯಾರಿಸ್ ಸ್ವರ್ಗವಾಗಿತ್ತು ಅಂತ ತಿಳಿಯಬಾರದು. 1832ರ ಕಾಲರಾದಲ್ಲಿ ಆ ಒಂದೇ ನಗರದಲ್ಲಿ 18 ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಹೆಚ್ಚು ಸತ್ತದ್ದು ಬಿಸಿಲು ಬೀಳದ ಗಲ್ಲಿಗಳ ಬಡವರು. ಚರಂಡಿ, ಗಾಳಿ, ಬೆಳಕು ಬೇಕೇ ಬೇಕಿತ್ತು. ಜಗಳ ಇರೋದು ಅವು ಬೇಕಿತ್ತಾ ಅನ್ನೋದರಲ್ಲಿ ಅಲ್ಲ. ಅದಕ್ಕೆ ಯಾರು ಬೆಲೆ ತೆತ್ತರು, ಯಾರಿಗೆ ಲಾಭವಾಯಿತು ಅನ್ನೋದರಲ್ಲಿ. ಈ ಪ್ರಶ್ನೆಗೆ ಇನ್ನೂ ವಯಸ್ಸಾಗಿಲ್ಲ.

ಮೆರಿಯೋನ್ ಮೆರವಣಿಗೆ ಮಾಡಲಿಲ್ಲ, ಅರ್ಜಿ ಬರೆಯಲಿಲ್ಲ. ನದಿದಂಡೆಯಲ್ಲಿ ನಿಂತು ನೋಡಿದ. 'ಪೆತಿ ಪೋಂ' ಸೇತುವೆಯ ಚಿತ್ರವನ್ನು 1850ರಲ್ಲಿ ಮಾಡಿದ. 1853ರಲ್ಲಿ ಆ ಸೇತುವೆಯ ಜಾಗದಲ್ಲಿ ಹೊಸದು ಬಂತು. 'ಪೋಂ ಓ ಶಾಂಜ್' ಸೇತುವೆಯನ್ನು 1854ರಲ್ಲಿ ಮಾಡಿದ. 1860ರ ಹೊತ್ತಿಗೆ ಅದೂ ಹೊಸದಾಗಿತ್ತು. 'ಲಾ ಮೋರ್ಗ್' ಕೂಡ 1854ರದ್ದು. ಗುರುತು ಸಿಗದ ಹೆಣಗಳನ್ನು ಇಡುವ ಆ ಶವಾಗಾರ ಹಳೆಯ ಜಾಗದಿಂದ 1864ರಲ್ಲಿ ಎತ್ತಂಗಡಿಯಾಯಿತು. ಅವನ ಸೂಜಿಗೂ ಹಾರೆ ಗುದ್ದಲಿಗೂ ನಡುವೆ ಮೂರು ವರ್ಷ, ನಾಲ್ಕು ವರ್ಷ, ಹೆಚ್ಚೆಂದರೆ ಹತ್ತು ವರ್ಷ.

'ಲಾ ಮೋರ್ಗ್' ಚಿತ್ರವನ್ನು ಒಮ್ಮೆ ನೋಡಿದವರು ಮರೆಯಲ್ಲ. ಒಂದರ ಮೇಲೊಂದು ಏರಿ ನಿಂತ ಮನೆಗಳು, ಹೊಗೆ, ಒಣಹಾಕಿದ ಬಟ್ಟೆ. ಕೆಳಗೆ ನದಿಯಿಂದ ತೆಗೆದ ಹೆಣವೊಂದನ್ನು ಹೊತ್ತು ತರುತ್ತಿದ್ದಾರೆ. ಹೆಂಗಸೊಬ್ಬಳು ಗೋಳಾಡುತ್ತಿದ್ದಾಳೆ. ತಡೆಗೋಡೆಗೆ ಆತು ಜನ ಸುಮ್ಮನೆ ನೋಡುತ್ತಿದ್ದಾರೆ. ಗೋಡೆಗೆ ಅಂದ ಕೊಡುವ ಪಾರಂಪರಿಕ ಕಟ್ಟಡದ ಚಿತ್ರ ಇದಲ್ಲ. ಊರು ತನ್ನ ಬಡವರನ್ನು ಹೇಗೆ ನಡೆಸಿಕೊಳ್ಳುತ್ತೆ ಅನ್ನೋದರ ಚಿತ್ರ.

ಇದ್ದದ್ದು ಇದ್ದ ಹಾಗೆ ಅಲ್ಲ

ಇಲ್ಲೊಂದು ಎಚ್ಚರ ಬೇಕು. ಮೆರಿಯೋನನ ಚಿತ್ರಗಳನ್ನು ದಾಖಲೆ ಅಂತ ಕಣ್ಮುಚ್ಚಿ ನಂಬುವಂತಿಲ್ಲ. 'ಪೆತಿ ಪೋಂ'ನಲ್ಲಿ ಮನೆಗಳ ಹಿಂದೆ ಏಳುವ ನೋತ್ರ್ ದಾಮ್ ಗೋಪುರಗಳು ನದಿಯಂಚಿನಿಂದ ಅಷ್ಟು ಎತ್ತರಕ್ಕೆ ಕಾಣಲ್ಲ. ಬೇರೆ ಬೇರೆ ಜಾಗದಲ್ಲಿ ನಿಂತು ಕಂಡದ್ದನ್ನು ಅವನು ಒಂದೇ ಚಿತ್ರಕ್ಕೆ ಹೊಲಿದಿದ್ದಾನೆ. ಕಲ್ಲುಕಲ್ಲನ್ನೂ ಬಿಡದೆ ಗಮನಿಸಿದವನೇ ಇಡೀ ನೋಟವನ್ನು ತನ್ನ ಮನಸ್ಸಿಗೆ ತಕ್ಕಂತೆ ಬಗ್ಗಿಸಿದ.

ಅವನ ಅತಿ ಪ್ರಸಿದ್ಧ ಚಿತ್ರ 1853ರ 'ಲ ಸ್ತ್ರೀಜ್'. ನೋತ್ರ್ ದಾಮ್ ಗೋಪುರದ ಮೇಲೆ ಗಲ್ಲಕ್ಕೆ ಕೈಕೊಟ್ಟು, ನಾಲಗೆ ಚಾಚಿ, ಊರನ್ನು ನೋಡುತ್ತಾ ಕೂತ ಕೊಂಬಿನ ರಕ್ಕಸ. ಇಡೀ ಜಗತ್ತು ಅದನ್ನು ಮಧ್ಯಯುಗದ ಶಿಲ್ಪ ಅಂದುಕೊಂಡಿದೆ. ನಿಜ ಏನೆಂದರೆ, ವಿಕ್ತೋರ್ ಹ್ಯೂಗೋನ 1831ರ ಕಾದಂಬರಿಯಿಂದಾಗಿ ಆ ಇಗರ್ಜಿಯ ಮೇಲೆ ಜನರ ಕಣ್ಣು ಬಿದ್ದು, 1845ರಲ್ಲಿ ವಿಯೊಲೆ ಲ ದ್ಯೂಕ್ ಮತ್ತು ಲಾಸ್ಸ್ಯು ಎಂಬ ವಾಸ್ತುಶಿಲ್ಪಿಗಳ ಕೈಯಲ್ಲಿ ಜೀರ್ಣೋದ್ಧಾರ ಶುರುವಾಯಿತು. ಆಗ ಹೊಸದಾಗಿ ಮಾಡಿ ಕೂರಿಸಿದ ಶಿಲ್ಪಗಳಲ್ಲಿ ಇದೂ ಒಂದು. ಮೆರಿಯೋನ್ ಅದನ್ನು ಬರೆದಾಗ ಅದಕ್ಕೆ ಕೆಲವೇ ವರ್ಷ ವಯಸ್ಸು. ಅವನ ಚಿತ್ರ ಊರೂರು ಸುತ್ತಿ ಆ ಹೊಸ ರಕ್ಕಸನನ್ನು ಹಳೆಯ ಪ್ಯಾರಿಸ್ಸಿನ ಗುರುತಾಗಿಸಿತು. ಪರಂಪರೆ ಅಂತ ನಾವು ಕೊಳ್ಳುವ ಚಿತ್ರದಲ್ಲಿ ಎಷ್ಟು ಪರಂಪರೆ, ಎಷ್ಟು ಕಲ್ಪನೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಿಲ್ಲ.

ಬಲೂನು ಹೋಗಿ ಹಕ್ಕಿ ಬಂತು

ತಗಡುಗಳನ್ನು ಅವನು ಬಹಳಷ್ಟು ಸಲ ತನ್ನ ಕೈಯಾರೆ ಅಚ್ಚು ಹಾಕಿದ. ಹಳೆಯ ಕಾಗದ, ಅದರಲ್ಲೂ ತಿಳಿಹಸಿರು ಛಾಯೆಯ ಕಾಗದ ಅವನಿಗೆ ಇಷ್ಟ. ಮುಂದೆ ಓಗ್ಯುಸ್ತ್ ದೆಲಾತ್ರ್ ಎಂಬ ನುರಿತ ಮುದ್ರಕ ಕೂಡ ಅಚ್ಚು ಹಾಕಿಕೊಟ್ಟ. ಬೆಲೆ ಒಂದು ಫ್ರಾಂಕು, ಒಂದೂವರೆ ಫ್ರಾಂಕು. ಆದರೂ ಗಿರಾಕಿಗಳು ಬರಲಿಲ್ಲ. ಹೊಟ್ಟೆಪಾಡಿಗೆ ಸಿಕ್ಕ ಕೆಲಸ ಮಾಡಿದ. 1856ರ ಸುಮಾರಿಗೆ ಸ್ಯಾನ್ ಫ್ರಾನ್ಸಿಸ್ಕೋ ನಗರದ ಉದ್ದನೆಯ ನೋಟವೊಂದನ್ನು, ಆ ಊರಿಗೆ ಕಾಲಿಡದೆಯೇ, ಬರೀ ಡ್ಯಾಗೆರೋಟೈಪ್ ಫೋಟೋಗಳನ್ನು ಮುಂದಿಟ್ಟುಕೊಂಡು ಕೊರೆದುಕೊಟ್ಟ.

ಮನಸ್ಸು ಮಾತ್ರ ಕೈತಪ್ಪುತ್ತಿತ್ತು. ತನ್ನ ಮೇಲೆ ಯಾರೋ ಸಂಚು ಹೂಡುತ್ತಿದ್ದಾರೆ ಅನ್ನೋ ಭಯ ಬಲಿಯಿತು. 1857ರಲ್ಲಿ ಬೆಲ್ಜಿಯಂನ ಶ್ರೀಮಂತ ಡ್ಯೂಕ್ ಒಬ್ಬ ತನ್ನ ಎಸ್ಟೇಟಿಗೆ ಕರೆಸಿ ಕೆಲಸ ಕೊಟ್ಟ. ಅಲ್ಲಿಂದ ಮರಳುವಾಗ ಸ್ಥಿತಿ ಕೆಟ್ಟಿತ್ತು. 1858ರ ಮೇ ತಿಂಗಳಲ್ಲಿ ಅವನನ್ನು ಶಾರಾಂತೋಂ ಮಾನಸಿಕ ಆಸ್ಪತ್ರೆಗೆ ಸೇರಿಸಲಾಯಿತು. ಆ ದಿನಗಳಲ್ಲೇ ಲೆಯೋಪೋಲ್ದ್ ಫ್ಲಾಮೆಂಗ್ ಎಂಬ ಕಲಾವಿದ ಹಾಸಿಗೆಯಲ್ಲಿ ಕೂತ ಮೆರಿಯೋನನ ಚಿತ್ರ ಬರೆದ. ಒಂದು ವರ್ಷ ಕಳೆದು, 1859ರಲ್ಲಿ ಹೊರಗೆ ಬಂದ.

ಬಂದವನು ಹಳೆಯ ತಗಡುಗಳನ್ನು ಮತ್ತೆ ಕೈಗೆತ್ತಿಕೊಂಡ. 'ಪೋಂ ಓ ಶಾಂಜ್' ಚಿತ್ರದ ಮೊದಲ ಪ್ರತಿಗಳಲ್ಲಿ ಆಕಾಶದಲ್ಲೊಂದು ಬಲೂನು ತೇಲುತ್ತದೆ. ಅದರ ಮೇಲೆ ಭರವಸೆ ಎಂಬರ್ಥದ ಇಟಾಲಿಯನ್ ಪದ. ಈ ಬಲೂನನ್ನು ಅವನು ಉಜ್ಜಿ ತೆಗೆದ. ಅದರ ಜಾಗಕ್ಕೆ ದೊಡ್ಡ ದೊಡ್ಡ ಹಕ್ಕಿಗಳ ಹಿಂಡು ಬಂತು. ಆಮೇಲೆ ಹಕ್ಕಿಗಳ ಬದಲು ಹಲವು ಬಲೂನುಗಳು. ಒಂದೇ ತಗಡು, ಮೂರು ಆಕಾಶ. ಸಂಗ್ರಹಕಾರರ ಭಾಷೆಯಲ್ಲಿ ಇವಕ್ಕೆ ಸ್ಟೇಟ್ ಅಂತಾರೆ, ಅಂದರೆ ತಗಡಿನ ಬೇರೆ ಬೇರೆ ಹಂತಗಳು. ಯಾವ ಹಂತದ್ದು ಅನ್ನೋದರ ಮೇಲೆ ಬೆಲೆ ಏರುತ್ತೆ, ಇಳಿಯುತ್ತೆ. ಆದರೆ ಆ ಹಂತಗಳು ಒಬ್ಬ ಮನುಷ್ಯನ ತಲೆಯೊಳಗೆ ನಡೆಯುತ್ತಿದ್ದ ಯುದ್ಧದ ಗುರುತೂ ಹೌದು.

ನೌಕಾ ಇಲಾಖೆಯ ಕಟ್ಟಡವನ್ನು 1860ರ ದಶಕದಲ್ಲಿ ಬರೆದಾಗ ಅದರ ಮೇಲಿನ ಆಕಾಶದಲ್ಲಿ ತಿಮಿಂಗಿಲ, ಕುದುರೆ, ರಥಗಳು ದಾಳಿ ಇಡುತ್ತಿದ್ದವು. ಹೆನ್ರಿ ಕಾಲೇಜಿನ ಚಿತ್ರದಲ್ಲಿ ಪ್ಯಾರಿಸ್ಸಿನ ಮಹಡಿಗಳ ಹಿಂದೆ ಸಮುದ್ರ ಬಂದಿತ್ತು. ನಾವಿಕ ಬಿಟ್ಟು ಬಂದ ಕಡಲು ಅವನನ್ನು ಬಿಟ್ಟಿರಲಿಲ್ಲ.

ಕವಿ ಬಂದ, ಮಾತು ಕೂಡಲಿಲ್ಲ

ಮೆರಿಯೋನನ ಯೋಗ್ಯತೆಯನ್ನು ಬೇಗ ಗುರುತಿಸಿದವರಲ್ಲಿ ಒಬ್ಬ ಕವಿ ಬೋದಿಲೇರ್. ಪಿ. ಲಂಕೇಶ್ ಅನುವಾದಿಸಿದ 'ಪಾಪದ ಹೂಗಳು' ಓದಿದ ಕನ್ನಡಿಗರಿಗೆ ಈ ಕವಿ ಅಪರಿಚಿತನಲ್ಲ. 1859ರ ಸಲೋನ್ ಕುರಿತ ತನ್ನ ಬರಹದಲ್ಲಿ ಬೋದಿಲೇರ್, ಆ ಪ್ರದರ್ಶನದಲ್ಲಿ ಇಲ್ಲದೇ ಹೋದ ಮೆರಿಯೋನನನ್ನು ಬಿಡಿಸಿ ಹೊಗಳಿದ. ಮಹಾನಗರದ ಗಾಂಭೀರ್ಯವನ್ನು ಇಷ್ಟು ಚೆನ್ನಾಗಿ ಹಿಡಿದವರು ಕಡಿಮೆ ಅನ್ನೋದು ಅವನ ಅಭಿಪ್ರಾಯ. ಇಬ್ಬರೂ ಸೇರಿ ಒಂದು ಪುಸ್ತಕ ಮಾಡುವ ಮಾತು ಬಂತು, ಚಿತ್ರ ಇವನದ್ದು, ಬರಹ ಅವನದ್ದು.

ಅದು ಕೈಗೂಡಲಿಲ್ಲ. ಬೋದಿಲೇರ್‌ಗೆ ಚಿತ್ರಗಳ ಪಕ್ಕದಲ್ಲಿ ಅಲೆಮಾರಿಯ ಧ್ಯಾನ ಬರೆಯುವ ಆಸೆ. ಮೆರಿಯೋನ್‌ಗೆ ಬೇಕಿದ್ದದ್ದು ಕಟ್ಟಡಗಳ ನೇರ ವಿವರಣೆ, ಗೈಡ್ ಪುಸ್ತಕದಲ್ಲಿ ಇರುವಂಥದ್ದು. ಎಡ್ಗರ್ ಅಲನ್ ಪೋ ಅಂತ ಒಬ್ಬ ಲೇಖಕ ಇದ್ದನೇ ಇಲ್ಲ, ಆ ಕಥೆಗಳನ್ನು ಬುದ್ಧಿವಂತರ ಒಂದು ಗುಂಪು ಸೇರಿ ಬರೆದಿದೆ ಅಂತಲೂ ಆತ ವಾದಿಸಿದ್ದ. ಪೋನನ್ನು ಫ್ರೆಂಚಿಗೆ ತಂದ ಬೋದಿಲೇರ್‌ನ ಎದುರಿಗೇ! ಕವಿ ಕಂಗಾಲಾದ. ದೇಶಭ್ರಷ್ಟನಾಗಿ ದ್ವೀಪದಲ್ಲಿದ್ದ ಹ್ಯೂಗೋ ಕೂಡ ಚಿತ್ರಗಳನ್ನು ಕಂಡು ಮೆಚ್ಚಿದ. ಫಿಲಿಪ್ ಬುರ್ತಿ ಎಂಬ ವಿಮರ್ಶಕ 1863ರಲ್ಲಿ ಅವನ ಕೃತಿಗಳ ಪಟ್ಟಿ ಮಾಡಿ ಪ್ರಕಟಿಸಿದ. ಹೆಸರು ಬಂತು, ಆದರೆ ಹೊಟ್ಟೆ ತುಂಬಲಿಲ್ಲ.

1866ರಲ್ಲಿ ಮತ್ತೆ ಶಾರಾಂತೋಂ ಆಸ್ಪತ್ರೆ. ಈ ಸಲ ಹೊರಗೆ ಬರಲಿಲ್ಲ. 1868ರ ಫೆಬ್ರವರಿ 14ರಂದು, 46ನೇ ವಯಸ್ಸಿನಲ್ಲಿ ತೀರಿಕೊಂಡ. ಗೆಳೆಯ ಬ್ರಾಕ್‌ಮೋಂ ಎಂಬ ಎಚಿಂಗ್ ಕಲಾವಿದ ತಾಮ್ರದ ತಗಡಿನ ಮೇಲೆ ಕೊರೆದುಕೊಟ್ಟ ಫಲಕವನ್ನು ಅವನ ಗೋರಿಗೆ ಹಾಕಿದರು.

ಅಂಕಿಯ ಬೆಲೆ, ಕಟ್ಟಡದ ಬೆಲೆ

ಆಮೇಲೆ ಗಾಳಿ ತಿರುಗಿತು. 1879ರಲ್ಲಿ ಲಂಡನ್ನಿನಲ್ಲಿ ಅವನ ಚಿತ್ರಗಳ ಪ್ರದರ್ಶನ ನಡೆಯಿತು, ಬುರ್ತಿಯ ಪಟ್ಟಿ ಇಂಗ್ಲಿಷಿಗೂ ಬಂತು. ಅದೇ ವರ್ಷ ಲಂಡನ್ನಿನ ಫೈನ್ ಆರ್ಟ್ ಸೊಸೈಟಿ ವಿಸ್ಲರ್ ಎಂಬ ಕಲಾವಿದನನ್ನು ವೆನಿಸ್ ನಗರಕ್ಕೆ ಕಳಿಸಿತು. ಊರಿನ 12 ಎಚಿಂಗ್ ಮಾಡಿಕೊಡಬೇಕು, ನೂರು ಸೆಟ್ ಮಾತ್ರ ಮಾರುತ್ತೇವೆ ಅನ್ನೋ ಲೆಕ್ಕ. ಹಳೆಯ ನಗರ, ಎಣಿಸಿದ ಪ್ರತಿ, ಸಹಿ, ಏರುವ ಬೆಲೆ. ಇವತ್ತು ನಾವು ಕಾಣುವ ವ್ಯಾಪಾರದ ಅಚ್ಚು ಅಲ್ಲಿ ಆಗಲೇ ತಯಾರಾಗಿತ್ತು. ಮೆರಿಯೋನ್ ಒಂದೂವರೆ ಫ್ರಾಂಕಿಗೆ ಕೊಟ್ಟ ಕಾಗದಗಳನ್ನು ಸಂಗ್ರಹಕಾರರು ಹಣ ಸುರಿದು ಕೊಳ್ಳತೊಡಗಿದರು.

ಲಿಮಿಟೆಡ್ ಎಡಿಷನ್ ಮೋಸ ಅಂತ ನಾನು ಹೇಳುತ್ತಿಲ್ಲ. ಪ್ರತಿಗಳನ್ನು ಎಣಿಸುವುದರಿಂದ ಕಲಾವಿದರಿಗೆ ಅನ್ನ ಸಿಗುತ್ತೆ. ಮೆರಿಯೋನ್‌ಗೆ ಆ ಏರ್ಪಾಟು ಸಿಕ್ಕಿದ್ದರೆ ಬದುಕು ಸ್ವಲ್ಪ ಹಗುರಾಗುತ್ತಿತ್ತೇನೋ. ನನ್ನ ತಕರಾರು ಬೇರೆ. ಕಟ್ಟಡ ಕೆಡವಿದ ಮೇಲೆ ಅದರ ಚಿತ್ರ ಕೊಂಡು ನಿಟ್ಟುಸಿರು ಬಿಡುವುದು ಸುಲಭ. ನೆನಪು ಗೋಡೆಗೆ ಬರುತ್ತೆ, ಜವಾಬ್ದಾರಿ ಬೀದಿಯಲ್ಲೇ ಉಳಿಯುತ್ತೆ. ಮೆರಿಯೋನನ ಅಷ್ಟು ಚಿತ್ರಗಳೂ ಒಂದೇ ಒಂದು ಸೇತುವೆಯನ್ನು ಉಳಿಸಲಿಲ್ಲ. ಹ್ಯೂಗೋನ ಕಾದಂಬರಿ ನೋತ್ರ್ ದಾಮ್‌ನ ನೆರವಿಗೆ ಬಂತು, ಯಾಕಂದ್ರೆ ಅದನ್ನು ಓದಿದ ಜನ ದನಿ ಎತ್ತಿದರು.

1854ರಲ್ಲಿ ಮೆರಿಯೋನ್ ನೋತ್ರ್ ದಾಮ್ ಇಗರ್ಜಿಯನ್ನು ಹಿಂಬದಿಯಿಂದ, ನದಿಯಾಚೆ ನಿಂತು ಬರೆದ. ಅವನ ಅತ್ಯುತ್ತಮ ಕೃತಿ ಅದೇ ಅನ್ನುವವರು ಹಲವರು. ಆ ಚಿತ್ರದಲ್ಲಿ ಮಾಡಿನ ಮೇಲೆ ಶಿಖರ ಇಲ್ಲ. ಹಳೆಯ ಶಿಖರವನ್ನು 18ನೇ ಶತಮಾನದ ಕೊನೆಗೇ ಇಳಿಸಿದ್ದರು, ಹೊಸದು ಎದ್ದದ್ದು 1859ರಲ್ಲಿ. 2019ರ ಏಪ್ರಿಲ್ 15ರ ಸಂಜೆ ಬೆಂಕಿಗೆ ಆ ಶಿಖರ ಮುರಿದು ಬಿದ್ದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಮರುದಿನ ಕಂಡ ನೋತ್ರ್ ದಾಮ್‌ಗೆ ಮೆರಿಯೋನ್ ಕಂಡ ನೋತ್ರ್ ದಾಮ್‌ನಂತೆಯೇ ಶಿಖರ ಇರಲಿಲ್ಲ. ಈ ಸಲ ಜನ ಹಣ ಕೂಡಿಸಿದರು, ಬಡಗಿಗಳು, ಕಲ್ಲುಕುಟಿಗರು ವರ್ಷಗಟ್ಟಲೆ ದುಡಿದರು. 2024ರ ಡಿಸೆಂಬರಿನಲ್ಲಿ ಬಾಗಿಲು ಮತ್ತೆ ತೆರೆಯಿತು.

ಅವನು ಬರೆದ ಶವಾಗಾರಕ್ಕೆ, ಅದರ ಸುತ್ತಲಿನ ಬಡವರ ಮನೆಗಳಿಗೆ ಆ ಭಾಗ್ಯ ಇರಲಿಲ್ಲ. ಅವು ಈಗ ಕಾಗದದ ಮೇಲಷ್ಟೇ ಇವೆ.

ಮುಂದಿನ ಸಲ ಹಳೆಯ ಕಟ್ಟಡದ ಚಿತ್ರವೊಂದನ್ನು ಕೊಳ್ಳುವಾಗ ಅಂಕಿಯನ್ನು ಬೇಕಾದರೆ ನೋಡಿ. ಆದರೆ ಆ ಕಟ್ಟಡ ಎಲ್ಲಿದೆ, ಯಾರ ವಶದಲ್ಲಿದೆ, ಅದರ ಸುತ್ತ ಯಾರು ಬದುಕುತ್ತಿದ್ದಾರೆ ಅಂತಲೂ ಒಂದು ಮಾತು ಕೇಳಿ. ನಿಂತಿದ್ದರೆ ಹೋಗಿ ನೋಡಿಬನ್ನಿ. ಚಿತ್ರಕ್ಕೆ ನೂರು ಪ್ರತಿ ಇರಬಹುದು, ಕಟ್ಟಡಕ್ಕೆ ಇರೋದು ಒಂದೇ.